ಹಳದಿ ಹುಂಜದ ಹಾಯಿ

ನನ್ನ ತಮ್ಮ ಉರ್ಬಾನೊ ಪೆಂಜೊ ಸತ್ತ ಮೇಲೆ ಅವನ ಬಗ್ಗೆ ಪುಸ್ತಕ ಬರೆಯುತ್ತೇನೆಂದು ವೆನಿಸ್ಸಿನಿಂದ ಒಬ್ಬ ಮಹಾಶಯ ನಮ್ಮ ಮನೆಗೆ ಬಂದಿದ್ದ. ಕೈಗವಸು ಬಿಚ್ಚದೆ ನನ್ನ ಅಡುಗೆಮನೆಯ ಬೆಂಚಿನ ಮೇಲೆ ಕೂತ. ಮೀನಿನ ವಾಸನೆಗೆ ಮುಖ ಸಿಂಡರಿಸದಿರಲು ಅವನು ಪಡುತ್ತಿದ್ದ ಪಾಡು ನೋಡಿ ನನಗೆ ಒಳಗೊಳಗೇ ನಗು. ಬಡವರ ಕಣ್ಣೀರನ್ನು ಬಣ್ಣದಲ್ಲಿ ಹಿಡಿದವರು, ಸಮುದ್ರದ ಮಕ್ಕಳ ಆತ್ಮಬಂಧು, ಅಂತೆಲ್ಲ ಅವನೇ ಹೇಳಿಕೊಂಡು ಹೋದ. ನಾನು ಬೂತಾಯಿ ಮೀನಿನ ಹೊಟ್ಟೆ ಸೀಳುತ್ತ ಕೇಳಿಸಿಕೊಂಡೆ. ಕೊನೆಗೆ, "ಅವನು ದೊಡ್ಡ ಚಿತ್ರಕಾರ, ಅದು ನಿಜ. ಮನುಷ್ಯ ಅಲ್ಲ. ಬರ್ಕೊಳಿ" ಅಂದೆ. ಅವನು ಬರೆದುಕೊಳ್ಳಲಿಲ್ಲ. ಆದ್ದರಿಂದ ನಾನೇ ಹೇಳಬೇಕಾಗಿದೆ.

ನಮ್ಮ ಅಪ್ಪನದು ಹಾಯಿಗೆ ಬಣ್ಣ ಹಾಕುವ ಕಸುಬು. ಕಾಲುವೆಯ ಪಕ್ಕದಲ್ಲಿ ನಮ್ಮ ಕೊಟ್ಟಿಗೆ. ಕೆಮ್ಮಣ್ಣು, ಹಳದಿ ಮಣ್ಣುಗಳನ್ನು ಸಮುದ್ರದ ನೀರಿನಲ್ಲಿ ಕುದಿಸಿ, ಹಾಯಿಯನ್ನು ನೆಲಕ್ಕೆ ಹಾಸಿ, ಸ್ಪಂಜಿನಿಂದ ಬಳಿಯುತ್ತಿದ್ದ. ನಮ್ಮೂರು ಕಿಯೋಜಾದಲ್ಲಿ ಒಂದೊಂದು ಮೀನುಗಾರ ಮನೆತನಕ್ಕೂ ಒಂದೊಂದು ಗುರುತು. ಒಬ್ಬರಿಗೆ ಸೂರ್ಯ, ಇನ್ನೊಬ್ಬರಿಗೆ ಬಿಳಿ ಕುದುರೆ, ಮತ್ತೊಬ್ಬರಿಗೆ ಶಿಲುಬೆ. ದಡದಲ್ಲಿ ಕಾಯುವ ಹೆಂಗಸಿಗೆ ಗಂಡನ ಮುಖ ಕಾಣುವುದಕ್ಕೆ ಎಷ್ಟೋ ಮೊದಲು ಅವನ ಹಾಯಿ ಕಾಣುತ್ತದೆ. ಅವಳು ಒಲೆ ಹೊತ್ತಿಸಲು ಮನೆಗೆ ಓಡುವುದು ಆ ಗುರುತು ನೋಡಿಯೇ. ದೋಣಿ ಮುಳುಗಿ ಗಂಡಸು ಬಾರದೆ ಹೋದರೆ ಅವನ ಗುರುತನ್ನು ಯಾರೂ ಮತ್ತೆ ಬಳಿಯುವಂತಿಲ್ಲ. ಅವನ ಮಗ ಬೆಳೆದು ಸ್ವಂತ ದೋಣಿ ಇಳಿಸಿದಾಗ ವಿಧವೆ ತಾಯಿ ತನ್ನ ಕೈಯಾರೆ ಮೊದಲ ಸ್ಪಂಜು ಅದ್ದಿಕೊಡಬೇಕು, ಆಗ ಮಾತ್ರ ಆ ಗುರುತಿಗೆ ಮತ್ತೆ ಜೀವ. ಮಗನಿಲ್ಲದಿದ್ದರೆ ಗುರುತು ಸಮುದ್ರದ ಪಾಲು. ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿರಲಿಲ್ಲ. ಉರ್ಬಾನೊಗೂ ಇದು ಹಾಲು ಕುಡಿಯುವಾಗಿನಿಂದ ಗೊತ್ತಿತ್ತು.

ಅವನ ಕೈಯಲ್ಲಿ ವಿದ್ಯೆ ಇತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅಲ್ಲಗಳೆಯಲು ಆಗಿದ್ದರೆ ನನಗೆ ಎಷ್ಟೋ ಸುಖವಾಗಿರುತ್ತಿತ್ತು. ಬಿರುಗಾಳಿಯಿಂದ ಪಾರಾಗಿ ಬಂದವರು ದೇವರಿಗೆ ಒಪ್ಪಿಸುವ ಹಲಗೆಚಿತ್ರಗಳನ್ನು ಮೀಸೆ ಮೂಡುವ ಮೊದಲೇ ಬರೆಯುತ್ತಿದ್ದ. ಅವನಿಗೆ ದೋಣಿ ಹತ್ತುವುದು ಮಾತ್ರ ಆಗಿಬರುತ್ತಿರಲಿಲ್ಲ, ಅಷ್ಟು ನಿಜ. ಪಾದ್ರಿಗಳು ಅವನನ್ನು ವೆನಿಸ್ಸಿನ ಕಲಾಶಾಲೆಗೆ ಕಳಿಸಿದರು. ನಮ್ಮನ್ನು ಆಳುತ್ತಿದ್ದ ಆಸ್ಟ್ರಿಯಾದವರು ಗಂಟುಮೂಟೆ ಕಟ್ಟಿಕೊಂಡು ಹೋದ ವರ್ಷ ಅಲ್ಲಿಂದ ತಿರುಗಿ ಬಂದ. ಅಗಲ ಅಂಚಿನ ಟೋಪಿ, ವೆನಿಸ್ಸಿನವರ ಎಳೆದಾಡುವ ಮಾತು, ಮೀನು ತಿನ್ನುವಾಗ ಮುಳ್ಳನ್ನು ತಟ್ಟೆಯ ಅಂಚಿಗೆ ಜೋಡಿಸುವ ನಾಜೂಕು. ಅಪ್ಪ ಆಗಲೇ ತೀರಿಕೊಂಡಿದ್ದ. ಅಪ್ಪನ ಕೊಟ್ಟಿಗೆಯನ್ನು ಇವನು ಚಿತ್ರಶಾಲೆ ಮಾಡಿಕೊಂಡ.

ಅವನು ಬರೆದದ್ದೆಲ್ಲ ನಮ್ಮೂರನ್ನೇ. ಹೆಸರು ಬಂದದ್ದೂ ಅದರಿಂದಲೇ. ಊರಿನವರು ಅವನನ್ನು ಕಂಡರೆ ಉಗುಳುತ್ತಿದ್ದುದೂ ಅದಕ್ಕೇ. ಪಕ್ಕದ ಮನೆಯ ಮುದುಕಿ ಬೇಪಾ ತನ್ನ ಚಿತ್ರ ಬರೆಯುತ್ತಾನೆಂದು ಹಬ್ಬದ ಶಾಲು ಹೊದ್ದು, ಕಿವಿಗೆ ಚಿನ್ನದ ಓಲೆ ಹಾಕಿಕೊಂಡು ಬಂದಳು. ಇವನು ಓಲೆ ಬಿಚ್ಚಿಸಿದ. ಶಾಲು ತೆಗೆಸಿ, ದೋಣಿ ಒರೆಸುವ ಗೋಣಿ ಹೊದಿಸಿದ. ಬೇಪಾಳ ತಲೆಗೂದಲನ್ನು ತಾನೇ ಕೆದರಿದ. ಆ ಚಿತ್ರ ಟ್ಯೂರಿನ್‌ನ ಯಾವುದೋ ಸಿರಿವಂತರ ಊಟದ ಕೋಣೆಯಲ್ಲಿ ತೂಗುತ್ತಿದೆಯಂತೆ. ಬೇಪಾ ಸಾಯುವವರೆಗೂ ಅದನ್ನೇ ಹೇಳಿಕೊಂಡು ಹಲುಬಿದಳು: "ಗೊತ್ತಿಲ್ಲದೋರ ಮನೇಲಿ ನಾನು ಭಿಕಾರಿ ಆಗಿ ಕೂತಿದೀನಲ್ಲೇ, ಪೊಲೋನಿಯಾ." ಅವನು ಬೀದಿಗೆ ಬಂದರೆ ಸೇತುವೆಯ ಮೇಲೆ ಪೈಪು ಸೇದುತ್ತ ನಿಂತ ಗಂಡಸರು ಬಿಡುತ್ತಿರಲಿಲ್ಲ.

"ಏನಪ್ಪಾ ಉರ್ಬಾನೊ, ಇವತ್ತು ಯಾರ ಚಿಂದಿ ಬೇಕು?"

"ನನ್ನ ಹೆಂಡ್ತಿ ಚೆನ್ನಾಗಿ ಅಳ್ತಾಳೆ, ಬರ್ಕೊಳ್ತೀಯಾ? ಬೇಕಾದ್ರೆ ಎರಡು ಬಿಟ್ಟು ಅಳಿಸ್ತೀನಿ."

ಅವನು ಟೋಪಿ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದ. ಬೈಗುಳವೂ ಅವನ ಮೈಗೆ ತಾಕುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿದ್ದುದು ಅದಕ್ಕೇ.

ಈಗ ಫೋಸ್ಕಾಳ ಮಾತಿಗೆ ಬರುತ್ತೇನೆ. ಅವಳು ನನ್ನ ಎದುರುಮನೆಯವಳು, ನನಗಿಂತ ಚಿಕ್ಕವಳು, ಬಾಗಿಲಲ್ಲಿ ಕೂತು ಇಬ್ಬರೂ ಒಟ್ಟಿಗೆ ಲೇಸು ಹೆಣೆಯುತ್ತಿದ್ದೆವು. ಅವಳ ಗಂಡ ಬಸ್ತಿಯಾನ್. ಅವನ ಹಾಯಿ ಇಟ್ಟಿಗೆಗೆಂಪು, ನಡುವೆ ಕತ್ತೆತ್ತಿ ಕೂಗುವ ಹಳದಿ ಹುಂಜ. ಅಪ್ಪ ಕೊನೆಗಾಲದಲ್ಲಿ ಬಳಿದದ್ದು, ಅವನ ಕೆಲಸದಲ್ಲೆಲ್ಲ ಅದೇ ಚೆಂದ. ಅವರಿಗೆ ಮದುವೆಯಾಗಿ ಇನ್ನೂ ಮಕ್ಕಳಾಗಿರಲಿಲ್ಲ. ಒಂದು ಚಳಿಗಾಲ ಬೋರಾ ಗಾಳಿ ಎದ್ದು ಆ ದೋಣಿಯನ್ನು ನುಂಗಿ ಹಾಕಿತು. ಒಂದು ಹಲಗೆ ಕೂಡ ದಡಕ್ಕೆ ಬರಲಿಲ್ಲ.

ಹೆಣ ಸಿಗದ ಗಂಡನಿಗಾಗಿ ವಿಧವೆಯ ಕಪ್ಪು ಉಡುವುದಿಲ್ಲ ಎಂದಳು ಫೋಸ್ಕಾ. ವರ್ಷಗಳು ಕಳೆದರೂ ಅದೇ ಹಟ. ದಿನಾ ಸಂಜೆ ಊರಾಚೆಯ ಕಡಲತೀರಕ್ಕೆ, ಸೊಟ್ಟೊಮರೀನಾದ ಮರಳಿಗೆ ಹೋಗಿ ನಿಲ್ಲುವುದು, ಕತ್ತಲಾದರೆ ಬಂದು ಅರ್ಧ ಮುದ್ದೆ ತಿಂದು ಮಲಗುವುದು. ದೋಣಿಗಳ ಬಿರುಕಿಗೆ ರಾಳ ತುಂಬುವ ಮೋಮೊಲೊ ಅವಳ ಮೇಲೆ ಜೀವ ಇಟ್ಟುಕೊಂಡಿದ್ದ. ಹೆಂಡತಿ ಸತ್ತವನು, ಮಾತು ಕಡಿಮೆ, ಕುಡಿತವಿಲ್ಲ. ನಾನು ಅವಳ ಬೆನ್ನು ಬಿದ್ದೆ. ಬೈದೆ, ಅತ್ತೆ, ತಲೆ ಬಾಚಿದೆ, ಊಟ ಹೊತ್ತುಕೊಂಡು ಹೋದೆ. ಸತ್ತವನಿಗೆ ಸತ್ತವನೆಂಬ ಮರ್ಯಾದೆ ಕೊಡದಿದ್ದರೆ ಅವನ ಆತ್ಮ ಎಲ್ಲಿಗೆ ಹೋಗಬೇಕು ಎಂದೆ. ಬಹುಶಃ ಆ ಮಾತು ಒಳಕ್ಕೆ ಇಳಿಯಿತು.

"ಆಯ್ತು ಪೊಲೋನಿಯಕ್ಕಾ," ಅಂದಳು ಒಂದು ದಿನ, ದಾರ ಕತ್ತರಿಸುತ್ತ. "ಸತ್ತವರ ಹಬ್ಬದ ದಿನ ಕಪ್ಪು ಉಡ್ತೀನಿ. ಅವರ ಹೆಸರಲ್ಲಿ ಪೂಜೆ ಕೊಡಿಸ್ತೀನಿ. ಅಷ್ಟಾದ್ಮೇಲೆ ಮೋಮೊಲೊಗೆ ಬಂದು ಮಾತಾಡು ಅನ್ನು."

ನಾನು ಮೋಮೊಲೊಗೆ ಹೇಳಲು ಓಡಿದೆ. ಆ ಗಂಡಸು ರಾಳದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡ.

ನವೆಂಬರದ ಸತ್ತವರ ಹಬ್ಬದ ದಿನ ಕಿಯೋಜಾದಲ್ಲಿ ದಡಕ್ಕೆ ಯಾರೂ ಹೋಗುವುದಿಲ್ಲ. ಬಲೆ ಬೀಸುವುದಿಲ್ಲ, ದೋಣಿ ಬಿಚ್ಚುವುದಿಲ್ಲ. ಬೆಳಗ್ಗೆ ಪೂಜೆ, ಮಧ್ಯಾಹ್ನದಿಂದ ಇಡೀ ಊರು ಸ್ಮಶಾನದಲ್ಲಿ, ತಮ್ಮ ತಮ್ಮ ಸಮಾಧಿಗೆ ಮೇಣದ ಬತ್ತಿ ಹಚ್ಚಿಕೊಂಡು. ಫೋಸ್ಕಾ ಕಪ್ಪು ಉಟ್ಟಿದ್ದಳು. ಮೊದಲ ಸಲ ಉಟ್ಟ ಬಟ್ಟೆ, ಭುಜದ ಹತ್ತಿರ ಬಿಗಿಯಾಗಿತ್ತು. ಪೂಜೆಯಲ್ಲಿ ಗಟ್ಟಿಯಾಗಿ ಕೂತಿದ್ದಳು. ಸ್ಮಶಾನದಲ್ಲಿ ನಾನು ಅಪ್ಪನ ಸಮಾಧಿಯ ಮುಂದೆ ಮಂಡಿಯೂರಿದೆ. ಎಲ್ಲರಿಗೂ ಒಂದೊಂದು ಕಲ್ಲಿತ್ತು. ಫೋಸ್ಕಾಗೆ ಬತ್ತಿ ಹಚ್ಚಲು ಜಾಗವಿರಲಿಲ್ಲ. ನಾನು ತಲೆ ಎತ್ತಿ ನೋಡುವಾಗ ಅವಳು ಇರಲಿಲ್ಲ.

ನಾನೂ ಮೋಮೊಲೊನೂ ಮರಳಿಗೆ ಓಡಿದೆವು. ಬೆಳಕು ಇಳಿದುಹೋಗಿತ್ತು. ಅವಳು ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಮೋಮೊಲೊ ಹೊತ್ತುಕೊಂಡು ಬಂದ. ಹಲ್ಲು ಕಟಕಟ ಅನ್ನುತ್ತಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು.

"ಬಂದಿದ್ರು ಅಕ್ಕಾ. ಹುಂಜ ಕಾಣಿಸ್ತು. ಇಳಿಬಿಸಿಲು ಹಾಯಿ ಮೇಲೆ ಬಿದ್ದಿತ್ತು, ಹುಂಜ ಉರೀತಿತ್ತು. ಸೀದಾ ನನ್ನ ಕಡೆಗೇ ಬಂದ್ರು. ನಾನು ಕೈ ಎತ್ತಿ ಓಡಿದೆ. ಆಮೇಲೆ ನನ್ನ ನೋಡಿದ್ರು. ಕರೀ ಬಟ್ಟೇಲಿ ನೋಡಿದ್ರು. ಹಾಯಿ ತಿರುಗಿಸ್ಕೊಂಡು ಹೋಗ್ಬಿಟ್ರು."

ಮನೆಗೆ ಬಂದವಳೇ ಆ ಕಪ್ಪು ಬಟ್ಟೆಯನ್ನು ಬಿಚ್ಚಿ ಒಲೆಗೆ ಹಾಕಿದಳು. ಪೆಟ್ಟಿಗೆಯಿಂದ ಮದುವೆಯ ಕೆಂಪು ರವಿಕೆ, ಹೂವಿನ ಲಂಗ ತೆಗೆದು ಉಟ್ಟಳು. ಮಾರನೆಯ ಸಂಜೆ ಹಾಗೇ ದಡಕ್ಕೆ ಹೋದಳು. ಅದರ ಮಾರನೆಯ ಸಂಜೆಯೂ ಹೋದಳು. ಮೋಮೊಲೊ ಬಾಗಿಲಿಗೆ ಬಂದರೆ, "ಹೋಗಪ್ಪಾ, ನನ್ನ ಗಂಡ ಇದಾರೆ. ನೀನು ಇಲ್ಲಿ ನಿಂತಿರೋದು ನೋಡಿದ್ರೆ ಮತ್ತೆ ವಾಪಸ್ ಹೋಗ್ತಾರೆ" ಅಂದಳು. ಅವಳಿಗೆ ಬುದ್ಧಿ ಕೆಟ್ಟಿತೆಂದು ಊರು ಹೇಳಿತು. ನಾನೂ ಹಾಗೇ ಅಂದುಕೊಂಡೆ, ದೇವರು ನನ್ನನ್ನು ಕ್ಷಮಿಸಲಿ.

ಆ ವಾರವೇ ಉರ್ಬಾನೊ ಊಟಕ್ಕೆ ಬಂದ. ಬ್ರೆಡ್ಡು ಮುರಿಯುವಾಗ ಅವನ ಉಗುರು ನೋಡಿದೆ. ಉಗುರಿನ ಸಂದಿಯಲ್ಲಿ ಕೆಂಪು. ಚಿತ್ರಕಾರರ ಎಣ್ಣೆಬಣ್ಣವಲ್ಲ, ಕುದಿಸಿದ ಕೆಮ್ಮಣ್ಣು. ಆ ಕೆಂಪನ್ನು ಅಪ್ಪನ ಕೈಯಿಂದ ಉಜ್ಜಿ ತೆಗೆಯುತ್ತಲೇ ಬೆಳೆದವಳು ನಾನು. ಏನೂ ಕೇಳಲಿಲ್ಲ. ಅವನು ಉಂಡು ಹೋಗುವಾಗ ಹಿಂದೆಯೇ ಹೋಗಿ, ಅವನು ಕೊಟ್ಟಿಗೆಯ ಬೀಗ ತೆಗೆದ ಕೂಡಲೇ ಒಳಗೆ ನುಗ್ಗಿದೆ.

ತೊಲೆಯ ಮೇಲೆ ಹಾಯಿ ಒಣಗುತ್ತಿತ್ತು. ಇಟ್ಟಿಗೆಗೆಂಪು, ಹಳದಿ ಹುಂಜ. ಕೆಳಗೆ ಗೋಡೆಯಗಲದ ಕ್ಯಾನ್ವಾಸು. ಅದರ ಮೇಲೆ ಸಮುದ್ರ, ದೂರದಲ್ಲಿ ಅದೇ ಹಾಯಿ, ಮುಂದುಗಡೆ ಮೊಣಕಾಲುಮಟ್ಟದ ನೀರಿನಲ್ಲಿ ಕೈಯೆತ್ತಿ ಓಡುವ ಕಪ್ಪು ಬಟ್ಟೆಯ ಹೆಂಗಸು. ಬೆನ್ನು ಮಾತ್ರ ಕಾಣುತ್ತದೆ. ಭುಜದ ಹತ್ತಿರ ಬಟ್ಟೆ ಬಿಗಿಯಾಗಿದ್ದುದನ್ನೂ ಅವನು ಬಿಟ್ಟಿರಲಿಲ್ಲ.

"ಯಾರು ಓಡಿಸಿದ್ರೋ ದೋಣಿನ?" ಅಂತ ಕೇಳಿದೆ.

"ತೆಂಕಣ ಕರಾವಳಿಯೋರು, ರೋಮಾಞ ಕಡೆಯ ಮೀನುಗಾರರು. ನಮ್ಮೋರು ಯಾರೂ ಮುಟ್ತಿರ್ಲಿಲ್ಲ. ಅಕ್ಕಾ, ಕೂತ್ಕೋ. ಅವತ್ತು ದಡದಲ್ಲಿ ಯಾರೂ ಇರಲ್ಲ ಅಂತಾನೇ ಆ ದಿನ ಆರಿಸ್ಕೊಂಡೆ. ಇಡೀ ಊರು ಸ್ಮಶಾನದಲ್ಲಿ ಇರತ್ತಲ್ಲ."

"ಸಮಾಧಿ ಇಲ್ಲದೋರು ಎಲ್ಲಿಗೆ ಹೋಗ್ತಾರೋ?"

ಅದು ಅವನಿಗೆ ಹೊಳೆದೇ ಇರಲಿಲ್ಲ. ವೆನಿಸ್ಸಿನ ನೀರು ಕುಡಿದು ಮರೆತಿದ್ದ.

"ಹೋಗ್ಲಿ, ಅವಳು ಬಂದಿದ್ದು ಕಂಡ್ಯಲ್ಲ. ಕೂಗೋಕೆ ಬಾಯಿ ಇರ್ಲಿಲ್ವಾ?"

"ಮರಳುದಿಬ್ಬದ ಹಿಂದೆ ಕೂತಿದ್ದೆ. ಅವಳು ಓಡ್ತಾ ಬಂದ್ಲು. ಬೆಳಕು ಹೋಗೋದ್ರಲ್ಲಿತ್ತು ಅಕ್ಕಾ. ಅಂಥದ್ದು ಮತ್ತೆ ಸಿಗ್ತಿರ್ಲಿಲ್ಲ." ಕ್ಯಾನ್ವಾಸಿನ ಕಡೆ ನೋಡುತ್ತಲೇ ಹೇಳಿದ. "ಬರೆದು ಮುಗಿದ್ಮೇಲೆ ಕರವಸ್ತ್ರ ಬೀಸ್ದೆ. ಅವರು ದೋಣಿ ತಿರುಗಿಸ್ಕೊಂಡು ಹೋದ್ರು. ರಾತ್ರಿ ಬಂದು ಹಾಯಿ ಬಿಚ್ಚಿಕೊಟ್ರು."

"ಬೇರೆ ಗುರುತು ಇರ್ಲಿಲ್ವೇನೋ ನಿನಗೆ? ಸುಳ್ಳುಸುಳ್ಳೇ ಒಂದು ಚಂದ್ರನ್ನೋ ಚುಕ್ಕೀನೋ ಬಳ್ಕೊಳಕ್ಕೆ ಆಗ್ತಿರ್ಲಿಲ್ವಾ?"

"ಅಪ್ಪನ ಹುಂಜದ ಥರ ಬಿಸಿಲಿಗೆ ಇನ್ಯಾವ್ದೂ ಉರಿಯಲ್ಲ."

ಅವನ ಕೆನ್ನೆಗೆ ಬಾರಿಸಿದೆ. ಅದಕ್ಕಿಂತ ಮುಖ್ಯವಾದ ಕೆಲಸವಿತ್ತು. ಫೋಸ್ಕಾಳನ್ನು ಎಳೆದುಕೊಂಡು ಬಂದು ಆ ಹಾಯಿ ತೋರಿಸಬೇಕು, ಅದರ ಹೊಸ ಬಣ್ಣವನ್ನು ಅವಳ ಬೆರಳಿಗೆ ಹಚ್ಚಬೇಕು. ನಾನು ಮನೆಯ ಕಡೆ ಓಡಿದೆ. ಅವಳು ದಡಕ್ಕೆ ಹೋಗಿದ್ದಳು, ಅಲ್ಲಿಗೂ ಓಡಿದೆ. ಬರಲಾರೆನೆಂದು ಹಟ ಮಾಡಿದವಳನ್ನು ಕೈ ಹಿಡಿದು ಕರೆತಂದಾಗ ಕೊಟ್ಟಿಗೆಯ ಅಂಗಳದಲ್ಲಿ ಹೊಗೆ ಏಳುತ್ತಿತ್ತು. ಬೂದಿಯ ಮೇಲೆ ಒಂದು ಅಂಗೈಯಗಲ ಕರಿಕಲು ಬಟ್ಟೆ.

"ಹಳೇ ಹಾಯಿಗಳು ಅಕ್ಕಾ. ಇಲಿ ಕಡಿದಿತ್ತು," ಅಂದ ನನ್ನ ತಮ್ಮ, ಫೋಸ್ಕಾಳ ಮುಖ ನೋಡಿ, ನಯವಾಗಿ. ನಾನು ಒಳಗೆ ನುಗ್ಗಲು ಹೋದರೆ ಬಾಗಿಲಿಗೆ ಬೀಗ. ಸತ್ತವನ ಗುರುತು ಬಳಿದದ್ದು ತಿಳಿದರೆ ಸೇತುವೆಯ ಗಂಡಸರು ಅವನ ಕೈ ಮುರಿಯುತ್ತಿದ್ದರು, ಅದು ಅವನಿಗೆ ಗೊತ್ತಿತ್ತು. ಆ ಕೈಯನ್ನು ಉಳಿಸಿಕೊಳ್ಳಲು ಫೋಸ್ಕಾಳನ್ನು ಸುಟ್ಟ. ಮಾರನೆಯ ದಿನ ಕ್ಯಾನ್ವಾಸನ್ನು ಸುತ್ತಿಕೊಂಡು ವೆನಿಸ್ಸಿಗೆ ಹೊರಟುಹೋದ.

ಊರಿನವರಿಗೆ ನಾನು ಯಾಕೆ ಹೇಳಲಿಲ್ಲವೆಂದು ನೀವು ಕೇಳಬಹುದು. ಅವನ ಕೈ ಮುರಿದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಫೋಸ್ಕಾಗೆ ನಿಜ ತಿಳಿಯಬೇಕಾದರೆ ಅವನ ಬಾಯಿಂದಲೇ ತಿಳಿಯಬೇಕು. ಹೊಡೆಸಿಕೊಂಡವನು ಹೆದರಿಕೆಗೆ ಒಪ್ಪಿಕೊಂಡನೆಂದು ಅವಳು ತಳ್ಳಿಹಾಕಬಾರದು. ನಾನು ಹೇಳಿದ್ದನ್ನಂತೂ ಅವಳು ಒಪ್ಪಲಿಲ್ಲ. "ನಿನಗೆ ಮೋಮೊಲೊ ಜೊತೆ ನನ್ನ ಮದುವೆ ಮಾಡಿಸೋ ಹುಚ್ಚು ಅಕ್ಕಾ. ಅದಕ್ಕೇ ಏನೇನೋ ಕಟ್ತೀಯ" ಅಂದಳು, ಕೋಪವಿಲ್ಲದೆ.

ಚಿತ್ರಕ್ಕೆ ಮಿಲಾನಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಪತ್ರಿಕೆಗಳು ಹಾಡಿ ಹೊಗಳಿದವು. ಆ ಹೆಂಗಸಿನ ಬೆನ್ನಿನಲ್ಲಿ ಇಡೀ ಇಟಲಿಯ ದುಃಖ ಕಾಣುತ್ತದೆ ಎಂದು ಒಬ್ಬ ಬರೆದಿದ್ದನ್ನು ಪಾದ್ರಿಗಳು ನನಗೆ ಓದಿ ಹೇಳಿದರು. ಇಡೀ ಇಟಲಿಯಂತೆ. ಅದು ನನ್ನ ಎದುರುಮನೆಯ ಫೋಸ್ಕಾಳ ಬೆನ್ನು. ಒಬ್ಬ ಬ್ಯಾರನ್ ಚಿತ್ರವನ್ನು ಕೊಂಡು ಲಂಡನ್ನಿಗೆ ಸಾಗಿಸಿದ. ನಮ್ಮ ಪುರಸಭೆಯವರಿಗೆ ಆಗ ಉರ್ಬಾನೊ ಊರಿನ ರತ್ನವಾದ. ಅವನಿಗೆ ಸನ್ಮಾನ, ವಾದ್ಯ, ಮೇಯರನ ಭಾಷಣ. ಅಗಲ ಟೋಪಿಯವನು ಕೋಟಿಗೆ ಪದಕ ಚುಚ್ಚಿಕೊಂಡು ಬಂದಿಳಿದ.

ಸಭೆಗೆ ಮುಂಚೆ ನಾನು ಅವನನ್ನು ಪುರಸಭೆಯ ಮೆಟ್ಟಿಲಿನ ಪಕ್ಕಕ್ಕೆ ಕರೆದೆ.

"ಈಗ ನನ್ನ ಜೊತೆ ಫೋಸ್ಕಾ ಮನೆಗೆ ಬರ್ತೀಯಾ, ಇಲ್ಲ ಮೇಯರ್ ಬಾಯಿ ತೆಗೆಯೋಕೆ ಮುಂಚೆ ನಾನು ತೆಗೀಲಾ? ಮೀನುಗಾರರೆಲ್ಲ ಬಂದಿದಾರೆ ನೋಡು, ನಿನ್ನ ಮೆರವಣಿಗೆಗೆ."

ಅವನು ಮೀನುಗಾರರ ಕಡೆ ಒಮ್ಮೆ ನೋಡಿದ. ಬಂದ.

ಫೋಸ್ಕಾ ಮದುವೆಯ ರವಿಕೆಯಲ್ಲಿ ಒಲೆಯ ಮುಂದೆ ಈರುಳ್ಳಿ ಹೆಚ್ಚುತ್ತಿದ್ದಳು. ರವಿಕೆಯ ಕೆಂಪು ಮಾಸಿ ತೋಳು ಪಿಸಿದಿತ್ತು. ಉರ್ಬಾನೊ ಟೋಪಿ ತೆಗೆದು ನಿಂತ. ಹೇಳಿದ, ಎಲ್ಲವನ್ನೂ ಹೇಳಿದ, ಅದನ್ನು ಒಪ್ಪಿಕೊಳ್ಳುತ್ತೇನೆ. ಹಾಯಿ ಬಳಿದದ್ದು, ರೋಮಾಞದವರು, ದಿಬ್ಬದ ಹಿಂದೆ ಕೂತದ್ದು, ಕರವಸ್ತ್ರ, ಸುಟ್ಟದ್ದು. ನಾನು ಫೋಸ್ಕಾಳ ಮುಖವನ್ನೇ ನೋಡುತ್ತಿದ್ದೆ. ಈಗ ಅಳುತ್ತಾಳೆ, ಈಗ ಚಾಕು ಎತ್ತಿಕೊಂಡು ಇವನ ಮೇಲೆ ಬೀಳುತ್ತಾಳೆ, ಆಮೇಲೆ ನನ್ನ ಹುಡುಗಿ ನನಗೆ ಸಿಗುತ್ತಾಳೆ ಎಂದು ಕಾದೆ.

ಅವಳು ನಕ್ಕಳು.

"ನೀನು ಒಳ್ಳೇವನು ಉರ್ಬಾನೊ. ಅಕ್ಕ ಹೇಳಿಕೊಟ್ಟು ಕರ್ಕೊಂಡು ಬಂದಿದಾಳೆ ಅಲ್ವಾ? ಆ ಹುಂಜದ ಎಡಗಾಲು ನಿಮ್ಮಪ್ಪನ ಕೈ ಜಾರಿ ದಪ್ಪ ಆಗಿತ್ತು. ನಾವು ಎಷ್ಟು ನಕ್ಕಿದ್ವಿ ಗೊತ್ತಾ, ಕುಂಟಹುಂಜ ಅಂತ. ಅವತ್ತು ಆ ಕಾಲೂ ಕಂಡೆ. ಅದನ್ನ ಯಾರೂ ಬಳಿಯೋಕಾಗಲ್ಲ. ನೀನೂ ಆಗಲ್ಲ."

"ನಾನೇ ಬಳಿದಿದ್ದು. ಆ ಕಾಲೂ ಸೇರಿ," ಅಂದ ಉರ್ಬಾನೊ. ಅವನ ದನಿ ಬದಲಾಗಿತ್ತು. ಅಲ್ಲಿಯವರೆಗೆ ತಗ್ಗಿದ್ದ ತಲೆ ಮೇಲೆದ್ದಿತು.

"ತೋರಿಸು ಮತ್ತೆ," ಅಂದೆ ನಾನು. ನನಗೆ ಜೀವ ಬಂದಂತಾಯಿತು. "ಇಲ್ಲೇ ಬರೆದು ತೋರಿಸು. ನೋಡ್ಲಿ ಅವಳು."

ಅವನು ಒಲೆಯಿಂದ ಆರಿದ ಇದ್ದಿಲು ಎತ್ತಿಕೊಂಡ. ಸುಣ್ಣ ಬಳಿದ ಗೋಡೆಯ ಮೇಲೆ ಒಂದೇ ಎಳೆತಕ್ಕೆ ಕತ್ತು, ಬಾಯಿ, ಜುಟ್ಟು, ಎದೆ. ಎಡಗಾಲು ದಪ್ಪಗೆ, ಜಾರಿದ ಹಾಗೇ ಜಾರಿತು. ಅಪ್ಪ ಎದ್ದು ಬಂದು ಬಳಿದ ಹಾಗಿತ್ತು. ನಾನು ಫೋಸ್ಕಾಳ ಭುಜ ಹಿಡಿದು, "ನೋಡಿದ್ಯಾ? ಇವನದೇ ಕೈ ಅದು, ನೋಡಿದ್ಯಾ?" ಅಂದೆ.

ಅವಳು ಹತ್ತಿರ ಹೋಗಿ ಹುಂಜದ ಕಾಲನ್ನು ಬೆರಳಿನಿಂದ ಮುಟ್ಟಿದಳು.

"ಅವರದೇ," ಅಂದಳು ಮೆಲ್ಲಗೆ. "ಹಾಗಿದ್ರೆ ನೀನೂ ಕಂಡೆ. ದಿಬ್ಬದ ಹಿಂದೆ ಕೂತಿದ್ದೆ ಅಂದ್ಯಲ್ಲ. ಕಾಣದೆ ಹೀಗೆ ಬರೆಯೋಕಾಗುತ್ತಾ? ನೋಡು ಅಕ್ಕಾ, ನೀವೆಲ್ಲ ನನಗೆ ಹುಚ್ಚು ಅಂತಿದ್ರಿ. ಇವನೂ ಕಂಡಿದಾನೆ." ಅವನ ಕೋಟಿನ ತೋಳು ಹಿಡಿದಳು. "ನಿನ್ನ ಕಣ್ಣು ಚುರುಕು. ಅವರು ಚುಕ್ಕಾಣಿ ಹತ್ರ ನಿಂತಿದ್ರಾ? ನನ್ನ ಕರೀ ಬಟ್ಟೆ ನೋಡಿ ಬೇಜಾರು ಮಾಡ್ಕೊಂಡ್ರಾ, ಹೇಳಪ್ಪಾ."

ಉರ್ಬಾನೊ ನನ್ನ ಕಡೆ ನೋಡಿದ. ದೂರದಲ್ಲಿ ಪುರಸಭೆಯ ವಾದ್ಯ ಶುರುವಾಯಿತು. ಅವನು ತೋಳು ಬಿಡಿಸಿಕೊಂಡು, ಟೋಪಿ ಹಾಕಿಕೊಂಡು ಬಾಗಿಲಿಗೆ ನಡೆದ.

ಅಷ್ಟಕ್ಕೇ ಹೋಗಿದ್ದರೆ ನಾನು ಅವನನ್ನು ಹೇಡಿ ಎಂದು ಬೈದುಕೊಂಡು, ಅವನು ಸತ್ತಾಗಲಾದರೂ ಎರಡು ಹನಿ ಅಳುತ್ತಿದ್ದೆನೋ ಏನೋ. ಆದರೆ ಅವನು ಹೊಸ್ತಿಲಲ್ಲಿ ನಿಂತು ಗೋಡೆಯ ಕಡೆ ತಿರುಗಿದ. ತಲೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ಹುಂಜವನ್ನು ನೋಡಿದ. ಮತ್ತೆ ಒಳಗೆ ಬಂದ. ಫೋಸ್ಕಾ ಪಕ್ಕಕ್ಕೆ ಸರಿದು ಅವನಿಗೆ ಜಾಗ ಕೊಟ್ಟಳು. ಹೆಬ್ಬೆರಳಿನಿಂದ ಹುಂಜದ ಬಾಲವನ್ನು ಚೂರು ಒರೆಸಿ ತೆಳ್ಳಗೆ ಮಾಡಿದ.

"ಬಾಲ ಸ್ವಲ್ಪ ಭಾರ ಆಗಿತ್ತು," ಅಂದ.

"ಹೌದು," ಅಂದಳು ಫೋಸ್ಕಾ. "ಈಗ ಸರಿಯಾಯ್ತು."